ಒಂದು ಬ್ಯಾಟರಿ ಪುರಾಣ

ತುಂಬಾ ದಿನಗಳ ಮೇಲೆ ಬರೀತಿದ್ದೀನಿ. ಹರಟೆಯೋ, ಊರಿನ ನೆನಪೋ ಏನಾದ್ರೂ ಇರುತ್ತೆ ಅಂತ ಬಂದವರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಈ ಸಲ ಕಾರಿನ ಬ್ಯಾಟರಿ ಬಗ್ಗೆ. ನಗಬೇಡಿ. 2025ರ ನವೆಂಬರಿನಲ್ಲಿ ಸುಮಾರು ಎರಡು ವಾರ ನನ್ನ ತಲೆಯಲ್ಲಿ ಇದು ಬಿಟ್ಟು ಬೇರೇನೂ ಓಡ್ತಿರಲಿಲ್ಲ. ಊಟಕ್ಕೆ ಕೂತರೆ ಆಂಪೇರು, ಮಲಗಿದರೆ ವೋಲ್ಟು. "ನನ್ನ ನೋಡೋಕೆ ಬಂದಾಗಲೂ ನಿಮಗೆ ಇಷ್ಟು ಶ್ರದ್ಧೆ ಇರಲಿಲ್ಲ" ಅಂತ ನನ್ನವಳು ಹಂಗಿಸಿದಳು. ಕೇಳಿದ್ದು, ಓದಿದ್ದು, ಅಳೆದು ನೋಡಿದ್ದು ಎಲ್ಲ ಸೇರಿ ನೋಟ್‌ಬುಕ್ಕಿನಲ್ಲಿ ಏಳು ಪುಟ ಆಗಿದೆ. ಕನ್ನಡದಲ್ಲಿ ಒಂದು ಕಡೆ ಇರಲಿ ಅಂತ ಇಲ್ಲಿ ಹಾಕ್ತಿದ್ದೀನಿ.

ಮೊದಲು ಕಾರಿನ ಕಥೆ ಹೇಳಿಬಿಡ್ತೀನಿ. ಇಲ್ಲದಿದ್ದರೆ ಸಹಕಾರಿ ಬ್ಯಾಂಕಿನ ಲೆಕ್ಕ ಬರೆಯೋನ ಮನೆ ಮುಂದೆ ಜರ್ಮನ್ ಕಾರು ಹೇಗೆ ಬಂತು ಅಂತ ನೀವು ಲೋಕಾಯುಕ್ತಕ್ಕೆ ಬರೆದುಬಿಟ್ಟೀರಿ :-) ಅದು ನಮ್ಮ ಭಾವನದು. 2021ರಲ್ಲಿ ಅಕ್ಕ-ಭಾವ ಕೆನಡಾಕ್ಕೆ ಹೊರಟಾಗ, "ಮಾರೋಕೆ ಹೋದ್ರೆ ಕಾಸಿಗೆ ಕೇಳ್ತಾರೆ ಕಣೋ, ನೀನೇ ಇಟ್ಕೋ, ಮಾವನ್ನ ಓಡಾಡಿಸೋಕಾಗುತ್ತೆ" ಅಂತ ಕೀ ಕೈಗಿಟ್ಟು ಹೋದರು. 2017ರ ಮಾಡೆಲ್, ಡೀಸೆಲ್, ಆಟೋಮ್ಯಾಟಿಕ್. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ತಾನಾಗೇ ಆಫ್ ಆಗಿ, ಬ್ರೇಕಿನಿಂದ ಕಾಲು ತೆಗೆದ ತಕ್ಷಣ ತಾನಾಗೇ ಸ್ಟಾರ್ಟ್ ಆಗುತ್ತೆ. ಉಪ್ಪಾರಹಳ್ಳಿ ಫ್ಲೈಓವರ್ ಇಳಿದು ಒಳಗೆ ತಿರುಗಿದರೆ ನಮ್ಮ ಬೀದಿ, ಹೊಂಗೆ ಮರದ ಕೆಳಗೆ ನಿಂತಿರುತ್ತೆ. ಬೀದಿಯವರಿಗೆಲ್ಲ ಅದು "ಫಾರಿನ್ ಕಾರು". ತರಕಾರಿ ಗಾಡಿಯವನು ನಮ್ಮನೆಗೆ ಮಾತ್ರ ಕೇಜಿಗೆ ಐದು ರೂಪಾಯಿ ಜಾಸ್ತಿ ಹೇಳ್ತಾನೆ ಅನ್ನೋದು ನನ್ನವಳ ಗುಮಾನಿ.

ಇನ್ನು ಅಪ್ಪ. ಅವರಿಗೆ 2023ರಿಂದ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಆರಕ್ಕೆ ಮೊದಲ ಸರದಿ. ಐದೂಕಾಲಿಗೆ ಮನೆ ಬಿಡಬೇಕು. ಡಯಾಲಿಸಿಸ್ ಮನೆಯಲ್ಲಿರೋರಿಗೆ ಇದು ಗೊತ್ತಿರುತ್ತೆ: ಶನಿವಾರದಿಂದ ಮಂಗಳವಾರದ ನಡುವಿನ ಅಂತರವೇ ಕಷ್ಟದ್ದು. ಎರಡು ದಿನದ ಬದಲು ಮೂರು ದಿನದ ನೀರು, ಉಪ್ಪು, ಪೊಟ್ಯಾಷಿಯಂ ಎಲ್ಲ ಮೈಯಲ್ಲೇ. ಸೋಮವಾರ ರಾತ್ರಿ ಅಪ್ಪನಿಗೆ ಮಲಗೋಕಾಗಲ್ಲ, ದಿಂಬು ಒರಗಿಸಿ ಕೂತೇ ಇರ್ತಾರೆ. ಮಂಗಳವಾರದ ಸರದಿ ತಪ್ಪಿತು ಅಂದ್ರೆ ಅದು ಆಫೀಸಿಗೆ ಲೇಟಾದ ಹಾಗಲ್ಲ.

ಕಾರು ಕೈ ಕೊಟ್ಟಿದ್ದು ಅಂಥ ಒಂದು ಮಂಗಳವಾರವೇ. ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ದೀಪಾವಳಿ ಥರ ಒಂದು ಸಲ ಹತ್ತಿ, ಟಕ್ ಟಕ್ ಟಕ್ ಅಂದು ಸುಮ್ಮನಾಯ್ತು. ಸೆಲ್ಫ್ ತಗೊಳ್ಳಲೇ ಇಲ್ಲ. ಆಟೋಮ್ಯಾಟಿಕ್ ಆದ್ದರಿಂದ ತಳ್ಳಿ ಸ್ಟಾರ್ಟ್ ಮಾಡೋ ಹಾಗೂ ಇಲ್ಲ. ಅಷ್ಟೊತ್ತಿಗೆ ಆಟೋ ಎಲ್ಲಿ ಸಿಗಬೇಕು? ಕೊನೆಗೆ ಪಕ್ಕದ ಮನೆಯ ಎಲ್ಐಸಿ ಏಜೆಂಟರ ಬಾಗಿಲು ತಟ್ಟಿದೆ. ಪಾಪ, ಬನಿಯನ್ನಲ್ಲೇ ಎದ್ದು ಬಂದು ತಮ್ಮ ಹಳೇ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಏದುಸಿರು ಬಿಡ್ತಾ ಕೂತಿದ್ದ ಅಪ್ಪ, "ನಂಗೆ ವಾರಕ್ಕೆ ಮೂರ್ ಸಲ ಚಾರ್ಜ್ ಮಾಡಿಸ್ತೀಯಲ್ಲ, ಅದಕ್ಕೂ ಒಂದ್ಸಲ ಮಾಡ್ಸೋ" ಅಂದರು. ಏಜೆಂಟರು ನಕ್ಕರು, ನನಗೆ ನಗು ಬರಲಿಲ್ಲ.

ಬ್ಯಾಟರಿ ಕಾರಿನ ಜೊತೆಗೇ ಬಂದದ್ದು, ಎಂಟು ವರ್ಷದ್ದು. ಮೀಟರಿಟ್ಟು ನೋಡಿದರೆ 11.7 ವೋಲ್ಟ್. ಒಬ್ಬರ ಹತ್ತಿರ ಚಾರ್ಜರ್ ಇಸ್ಕೊಂಡು ರಾತ್ರಿಯಿಡೀ ತುಂಬಿಸಿದ್ದಾಯ್ತು. ತೆಗೆದು ಒಂದು ದಿನ ಬಿಟ್ಟು ನೋಡಿದರೆ ಮತ್ತೆ 12.3. ಬಿ.ಎಚ್. ರಸ್ತೆಯ ಒಂದು ಬ್ಯಾಟರಿ ಅಂಗಡಿಯ ಟೆಸ್ಟರಿನಲ್ಲಿ 800 ಇರಬೇಕಾದ ಜಾಗದಲ್ಲಿ 290 ಅಂತ ಬಂತು. ಎಂಟು ವರ್ಷ ದುಡಿದಿದೆ, ಅದರ ಋಣ ಮುಗೀತು.

ಅಂಗಡಿಯವರು ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿ, "ಇದು ಎಜಿಎಂ ಸಾರ್, ಹತ್ತೊಂಬತ್ತು ಸಾವಿರ ಆಗುತ್ತೆ. ನೀವು ಹೂಂ ಅಂದ್ರೆ ಇದೇ ಅಳತೇದು ನಾರ್ಮಲ್ ಹಾಕ್ಕೊಡ್ತೀನಿ, ಎಂಟೂವರೇಲಿ ಮುಗಿಯುತ್ತೆ. ಸಿಗ್ನಲ್ಲಲ್ಲಿ ಎಂಜಿನ್ ಆಫ್ ಆಗುತ್ತಲ್ಲ, ಆ ಬಟನ್ ಒತ್ತಿ ಇಟ್ಕೊಂಡುಬಿಡಿ, ಏನೂ ಆಗಲ್ಲ" ಅಂದರು. ಒಳ್ಳೇ ಮನುಷ್ಯ, ನನ್ನ ದುಡ್ಡು ಉಳಿಸೋಕೆ ಹೇಳಿದ್ದು. ಹತ್ತೂವರೆ ಸಾವಿರದ ವ್ಯತ್ಯಾಸ ಅಂದರೆ ನಮ್ಮನೆಯಲ್ಲಿ ಸಣ್ಣದಲ್ಲ. ಡಯಾಲಿಸಿಸ್, ಇಂಜೆಕ್ಷನ್ನು, ರಕ್ತಪರೀಕ್ಷೆ ಅಂತ ಪ್ರತಿ ತಿಂಗಳ ಲೆಕ್ಕ ನಾನೇ ಬರೆಯೋನು. ನಾಳೆ ಹೇಳ್ತೀನಿ ಅಂತ ಬಂದೆ. ಆ ನಾಳೆ ಹತ್ತು ದಿನ ಆಯ್ತು. ಅಷ್ಟು ದಿನವೂ ಏಜೆಂಟರೇ ಕರ್ಕೊಂಡು ಹೋದರು, ಪೆಟ್ರೋಲ್ ದುಡ್ಡೂ ಇಸ್ಕೊಳ್ಳಲಿಲ್ಲ.

*

ಎಜಿಎಂ ಅಂದ್ರೆ ಅಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್. ಕನ್ನಡದಲ್ಲಿ ಏನನ್ನೋಣ? ಹೀರುಗಾಜಿನ ಚಾಪೆ? ಪದ ಕಟ್ಟೋ ಚಟ ಇರೋ ಗೆಳೆಯರು ಇದಕ್ಕಿಂತ ಚೆನ್ನಾದ್ದು ಕೊಟ್ಟರೆ ಸಂತೋಷ.

ಹೊಸ ಜಾತಿಯ ವಸ್ತು ಏನಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ ಮಾಡಿದ ಸೀಸದ ಬ್ಯಾಟರಿಯ ಮರಿಮಗ ಇದು. ಅದೇ ಸೀಸದ ತಟ್ಟೆಗಳು, ಅದೇ ಗಂಧಕಾಮ್ಲ, ಒಂದೊಂದು ಕೋಣೆಗೆ ಎರಡು ವೋಲ್ಟಿನಂತೆ ಆರು ಕೋಣೆ. ಮಾಮೂಲಿ ಬ್ಯಾಟರಿಯಲ್ಲಿ ಆಸಿಡ್ಡು ನೀರಿನ ಹಾಗೆ ತುಂಬಿರುತ್ತೆ, ತಟ್ಟೆಗಳು ಅದರಲ್ಲಿ ಮುಳುಗಿರುತ್ವೆ. ಎಜಿಎಂನಲ್ಲಿ ತಟ್ಟೆಗಳ ಮಧ್ಯೆ ಕೂದಲಿಗಿಂತ ಎಷ್ಟೋ ಸಣ್ಣ ಗಾಜಿನೆಳೆಯ ಚಾಪೆ ಇಟ್ಟು ಒತ್ತಿ ಕೂರಿಸಿರ್ತಾರೆ. ಆಸಿಡ್ಡೆಲ್ಲ ಆ ಚಾಪೆಯೊಳಗೆ, ಸಕ್ಕರೆ ಪಾಕ ಕುಡಿದ ಜಾಮೂನಿನ ಹಾಗೆ. ಅಲ್ಲಾಡೋ ದ್ರವ ಇಲ್ಲ. ಚಾರ್ಜ್ ಆಗುವಾಗ ನೀರು ಒಡೆದು ಹುಟ್ಟೋ ಆಮ್ಲಜನಕ ಹೊರಗೆ ಹೋಗೋ ಬದಲು ಚಾಪೆಯ ಸಂದಿಯಿಂದ ಆ ಕಡೆಯ ತಟ್ಟೆಗೆ ಹೋಗಿ ಮತ್ತೆ ನೀರಾಗಿಬಿಡುತ್ತೆ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಹಾಕೋ ಮುಚ್ಚಳವೇ ಇರಲ್ಲ, ಬರೀ ಒತ್ತಡ ಹೆಚ್ಚಾದರೆ ತೆರೆಯೋ ಕವಾಟ.

ಈ ಜಾತಿಯ ಬ್ಯಾಟರಿಯನ್ನ ನಾವೆಲ್ಲ ಎತ್ತಿ ಇಳಿಸಿದವರೇ. ಕರೆಂಟ್ ಹೋದಾಗ ಕೀ ಕೀ ಅಂತ ಅರಚಿಕೊಳ್ತಿದ್ದ ಕಂಪ್ಯೂಟರ್ ಯುಪಿಎಸ್ ನೆನಪಿದೆಯಾ? ಅದರೊಳಗಿನ 12 ವೋಲ್ಟ್ 7 ಎ.ಎಚ್. ಡಬ್ಬ ಸಾಮಾನ್ಯವಾಗಿ ಎಜಿಎಂ. ಅರ್ಧ ಬರೆದ ಲೇಖನವನ್ನ ಸೇವ್ ಮಾಡೋವರೆಗೆ ಪ್ರಾಣ ಹಿಡ್ಕೊಂಡಿರ್ತಿದ್ದ ಪುಣ್ಯಾತ್ಮ ಅದೇ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. ಮೇಲೆ ಮುಚ್ಚಳ ಇಲ್ಲದ ಬ್ಯಾಟರಿಯೆಲ್ಲ ಎಜಿಎಂ ಅಲ್ಲ. ಈಗ ಹೆಚ್ಚಿನ ಕಾರುಗಳಲ್ಲಿ ಬರೋ 'ಮೇಂಟೆನೆನ್ಸ್ ಫ್ರೀ' ಒಳಗೆ ಆಸಿಡ್ಡು ಗುಳುಗುಳು ಅನ್ನೋ ಹಾಗೇ ಇರುತ್ತೆ, ನೀರು ಕಮ್ಮಿ ಕುಡಿಯುತ್ತೆ ಅಷ್ಟೇ. ನಮ್ಮ ಕಡೆ ಅಂಗಡಿಗಳಲ್ಲಿ ಎರಡಕ್ಕೂ 'ಡ್ರೈ ಬ್ಯಾಟರಿ' ಅಂತಾರೆ, ಎರಡೂ ಡ್ರೈ ಅಲ್ಲ! ಮಧ್ಯೆ ಇನ್ನೊಂದು ತಳಿ ಇದೆ, ಇಎಫ್‌ಬಿ ಅಂತ. ಮಾಮೂಲಿ ಬ್ಯಾಟರಿಯದೇ ಸುಧಾರಿತ ರೂಪ, ತಟ್ಟೆಗೆ ಬಟ್ಟೆಯಂಥ ಒಂದು ಹೊದಿಕೆ ಹಾಕಿ ಗಟ್ಟಿ ಮಾಡಿರ್ತಾರೆ. ನಿಮ್ಮದು ಯಾವುದು ಅಂತ ತಿಳಿಯೋಕೆ ಅಂಗಡಿಯವರನ್ನಾಗಲಿ ಕಾರಿನ ಬ್ರೋಷರನ್ನಾಗಲಿ ಕೇಳೋದು ಬೇಡ. ಬ್ಯಾಟರಿ ಮೇಲಿನ ಲೇಬಲ್ಲಿನಲ್ಲಿ ಎಜಿಎಂ, ವಿಆರ್‌ಎಲ್‌ಎ ಅಥವಾ ಇಎಫ್‌ಬಿ ಅಂತ ಅಚ್ಚಾಗಿರುತ್ತೆ.

*

ಈಗ ಆ ಎಂಟೂವರೆ ಸಾವಿರದ ಪ್ರಶ್ನೆ. ಬಟನ್ ಒತ್ತಿ ಎಂಜಿನ್ ನಿಲ್ಲೋದನ್ನ ತಪ್ಪಿಸಿದರೆ ಮಾಮೂಲಿ ಬ್ಯಾಟರಿ ಸಾಕಲ್ಲವಾ? ನನಗೂ ಮೊದಲು ಸರಿ ಅನ್ನಿಸಿತ್ತು. ಎರಡು ಸಂಗತಿ ಗೊತ್ತಾದ ಮೇಲೆ ಬೇಡ ಅನ್ನಿಸಿತು.

ಹಳೇ ಕಾರುಗಳಲ್ಲಿ ಆಲ್ಟರ್ನೇಟರ್ ಅನ್ನೋದು ಎತ್ತಿನ ಗಾಣದ ಹಾಗೆ. ಎಂಜಿನ್ ತಿರುಗಿದಷ್ಟು ಹೊತ್ತೂ ಹದಿನಾಲ್ಕು ಚಿಲ್ಲರೆ ವೋಲ್ಟಿನಲ್ಲಿ ತುಂಬ್ತಾನೇ ಇರುತ್ತೆ. ಈ ಹೊಸ ಕಾಲದ ಕಾರುಗಳಲ್ಲಿ ಹಾಗಲ್ಲ. ಡೀಸೆಲ್ ಉಳಿಸೋಕೆ ಅಂತ ಕಂಪ್ಯೂಟರು ಬ್ಯಾಟರಿಯನ್ನ ಬೇಕಂತಲೇ ಪೂರ್ತಿ ತುಂಬಿಸಲ್ಲ, ಸುಮಾರು ಎಂಬತ್ತು ಪರ್ಸೆಂಟಿನಲ್ಲಿ ಇಟ್ಟಿರುತ್ತೆ. ಆಕ್ಸಿಲರೇಟರ್ ಬಿಟ್ಟಾಗ, ಬ್ರೇಕ್ ಒತ್ತಿದಾಗ ಬಿಟ್ಟಿ ಸಿಗೋ ಶಕ್ತಿಯನ್ನ 14.8ರ ಆಸುಪಾಸಿನ ವೋಲ್ಟಿನಲ್ಲಿ ಗಬಕ್ಕನೆ ತುಂಬಿಸುತ್ತೆ. ಆ ಜಾಗ ಖಾಲಿ ಇರಲಿ ಅಂತಲೇ ಇಪ್ಪತ್ತು ಪರ್ಸೆಂಟ್ ಬಿಟ್ಟಿರೋದು. ಡ್ಯಾಶ್‌ಬೋರ್ಡಿನ ಬಟನ್ ಒತ್ತಿದರೆ ಸಿಗ್ನಲ್ಲಲ್ಲಿ ಎಂಜಿನ್ ಆಫ್ ಆಗೋದು ತಪ್ಪುತ್ತೆ. ಆಲ್ಟರ್ನೇಟರಿನ ಈ ಲೆಕ್ಕಾಚಾರ ತಪ್ಪಲ್ಲ. ಅದು ಬಟನ್ನಿಗೆ ಸಂಬಂಧವೇ ಇಲ್ಲದ ಬೇರೆ ಖಾತೆ.

ಮಾಮೂಲಿ ಬ್ಯಾಟರಿಗೆ ಈ ಅರೆಹೊಟ್ಟೆಯ ಬಾಳು ಆಗಿಬರಲ್ಲ. ಪೂರ್ತಿ ತುಂಬದೆ ಇದ್ದರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗಲ್ಲ. ಮೇಲಾಗಿ ಸಾಂದ್ರವಾದ ಆಸಿಡ್ಡು ತಳಕ್ಕಿಳಿದು ಮೇಲೆ ನೀರು ನೀರಾಗುತ್ತೆ, ಕಲಕದ ಪಾನಕದ ಹಾಗೆ. ಎಜಿಎಂನಲ್ಲಿ ಚಾಪೆ ಹಿಡ್ಕೊಂಡಿರೋದರಿಂದ ಈ ತಳ ಇಳಿಯೋ ಕಾಟ ಬಹಳ ಕಮ್ಮಿ, ಒಮ್ಮೆಲೇ ಬಂದ ಕರೆಂಟನ್ನೂ ಬೇಗ ಹೀರಿಕೊಳ್ಳುತ್ತೆ.

ಎರಡನೇ ಸಂಗತಿ ಜಾಗದ್ದು. ನಮ್ಮ ಕಾರಿನ ಬ್ಯಾಟರಿ ಬಾನೆಟ್ ಕೆಳಗಿಲ್ಲ, ಡಿಕ್ಕಿಯ ತಳದಲ್ಲಿದೆ. ಅಂದ್ರೆ ಅಪ್ಪ ಕೂರೋ ಸೀಟಿನ ಹಿಂದೆ, ಅದೇ ಗಾಳಿಯಲ್ಲಿ. ಮಾಮೂಲಿ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತೆ, ಜೊತೆಗೆ ಆಸಿಡ್ಡಿನ ಆವಿ. ಎಜಿಎಂಗೂ ಒಂದು ಸಣ್ಣ ಗಾಳಿ ಕೊಳವೆ ಹೊರಕ್ಕೆ ಬಿಟ್ಟಿರ್ತಾರೆ, ಆದರೆ ಅದು ಏನಾದರೂ ಕೆಟ್ಟರೆ ಮಾತ್ರ ಕೆಲಸಕ್ಕೆ ಬರೋದು. ಉಸಿರಾಡೋಕೇ ಕಷ್ಟಪಡೋ ಮನುಷ್ಯನ ಬೆನ್ನ ಹಿಂದೆ ಆಸಿಡ್ಡಿನ ತೊಟ್ಟಿ ಇಡೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಹತ್ತೂವರೆ ಸಾವಿರದ ಪ್ರಶ್ನೆ ನನಗೆ ಬಗೆಹರಿದದ್ದು ಅಲ್ಲೇ ಅನ್ನಬಹುದು. ಸಲ್ಫೇಟಿನ ವಾದವೆಲ್ಲ ನನ್ನವಳಿಗೆ ಒಪ್ಪಿಸೋಕೆ ಬೇಕಾಯ್ತು.

ಕಾರು ತಯಾರಿಸೋರ ನಿಯಮವೂ ಸರಳವೇ. ಎಜಿಎಂ ಬಂದಿದ್ದರೆ ಎಜಿಎಂ ಮಾತ್ರ. ಇಎಫ್‌ಬಿ ಬಂದಿದ್ದರೆ ಇಎಫ್‌ಬಿ, ಕಾರಿನ ಪುಸ್ತಕ ಒಪ್ಪಿದರೆ ಎಜಿಎಂ. ಮೇಲಕ್ಕೆ ಹತ್ತಬಹುದು, ಕೆಳಕ್ಕೆ ಇಳಿಯೋ ಹಾಗಿಲ್ಲ.

ಹಾಗಂತ ಎಲ್ಲರೂ ಹತ್ತಬೇಕಾ? ನನ್ನ ಪ್ರವಚನ ಕೇಳಿ ಏಜೆಂಟರು "ಹಂಗಾದ್ರೆ ನಂದಕ್ಕೂ ಎಜಿಎಂ ಹಾಕಿಸ್ಬಿಡ್ಲಾ?" ಅಂದರು. ಖಂಡಿತ ಬೇಡ ಅಂದೆ. ಅವರದು 2012ರ ಪೆಟ್ರೋಲ್ ಕಾರು, ಬ್ಯಾಟರಿ ಎಂಜಿನ್ನಿನ ಮಗ್ಗುಲಲ್ಲೇ. ಸೀಸದ ಬ್ಯಾಟರಿಗೆ ಬಿಸಿಯೇ ಯಮ. ಹತ್ತು ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ ಅನ್ನೋದು ಒಂದು ಸ್ಥೂಲ ಲೆಕ್ಕ. ಎಜಿಎಂ ಬಿಸಿಗೆ ಒಣಗಿತು ಅಂದ್ರೆ ನೀರು ಹಾಕಿ ಉಳಿಸೋಕೂ ಆಗಲ್ಲ. ಹಳೇ ಆಲ್ಟರ್ನೇಟರಿಗೆ ಅದನ್ನ ಪೂರ್ತಿ ತುಂಬೋ ಬುದ್ಧಿಯೂ ಇರಲ್ಲ. ನಾಲ್ಕು ಸಾವಿರದ ಮಾಮೂಲಿ ಬ್ಯಾಟರಿ ಅವರ ಕಾರಿಗೆ ಸರಿಯಾದ್ದು. ದುಬಾರಿ ಅಂದ ಮಾತ್ರಕ್ಕೆ ಒಳ್ಳೇದು ಅಂತೇನಿಲ್ಲ, ಬಿ.ಪಿ. ಇಲ್ಲದವನು ಬಿ.ಪಿ. ಮಾತ್ರೆ ನುಂಗಿದ ಹಾಗಾಗುತ್ತೆ.

*

ಎಜಿಎಂ ಅಂತ ಆದ ಮೇಲೆ ಯಾವುದು? ಎಲ್ಲರೂ ಕೇಳೋದು ಯಾವ ಕಂಪನಿ ಅಂತ. ನನ್ನ ಅನುಭವದಲ್ಲಿ ಅದು ಕೊನೆಯ ಪ್ರಶ್ನೆ.

ಮೊದಲು ಟೇಪು ಹಿಡೀರಿ. ಯುರೋಪಿನ ಅಳತೆಯ ಬ್ಯಾಟರಿಗಳು ಸಾಮಾನ್ಯವಾಗಿ 175 ಮಿ.ಮೀ. ಅಗಲ, 190 ಮಿ.ಮೀ. ಎತ್ತರ, ಬದಲಾಗೋದು ಹೆಚ್ಚಾಗಿ ಉದ್ದ. 242 ಮಿ.ಮೀ. ಇದ್ದರೆ 60 ಎ.ಎಚ್., 278 ಇದ್ದರೆ 70, 315 ಇದ್ದರೆ 80, 353 ಇದ್ದರೆ 95 ಎ.ಎಚ್. ಆಜುಬಾಜು. ನಮ್ಮದು 315ರದ್ದು. ತಟ್ಟೆಯಲ್ಲಿ ಜಾಗ ಇದೆ ಅಂತ ದೊಡ್ಡದು ಹಾಕಿಸೋ ಆಸೆ ಬರುತ್ತೆ, ಆದರೆ ಕಾರಿನ ಕಂಪ್ಯೂಟರಿಗೆ 80 ಅಂತ ಗೊತ್ತಿದೆ, ಅದನ್ನ ಬದಲಾಯಿಸದೆ ಹಾಕಿದರೆ ಲೆಕ್ಕ ತಪ್ಪುತ್ತೆ. ಪ್ಲಸ್ಸು ಬಲಗಡೆಯೋ ಎಡಗಡೆಯೋ ಅದನ್ನೂ ನೋಡ್ಕೊಳ್ಳಿ, ಕೇಬಲ್ಲು ರಬ್ಬರ್ ಅಲ್ಲ ಎಳೆಯೋಕೆ.

ಆಮೇಲೆ ಆ 800 ಅನ್ನೋ ಸಂಖ್ಯೆ. ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಎಷ್ಟು ಆಂಪೇರ್ ಕೊಡಬಲ್ಲದು ಅನ್ನೋ ಲೆಕ್ಕ ಅದು. ತುಮಕೂರಿನಲ್ಲಿ ಜನವರಿಯ ಮುಂಜಾನೆಯೂ ಹತ್ತು ಡಿಗ್ರಿಗಿಂತ ಕೆಳಗಿಳಿಯೋದು ಅಪರೂಪ. ಆ ಸಂಖ್ಯೆ ನಿಜವಾಗಿ ಬೇಕಾಗಿರೋದು ಕೆನಡಾದಲ್ಲಿರೋ ಭಾವನಿಗೆ. ಹಾಗಾಗಿ 800ರ ಬದಲು 850 ಇದೆ ಅಂತ ಸಾವಿರ ರೂಪಾಯಿ ಜಾಸ್ತಿ ಕೊಡೋದು ವ್ಯರ್ಥ. ಬ್ಯಾಟರಿಯ ಆರೋಗ್ಯ ನೋಡೋಕೆ ಮಾತ್ರ ಅದು ಉಪಯೋಗ, ಹಳೇದರಲ್ಲಿ 290 ಅಂತ ಬಂದು ಗುಟ್ಟು ರಟ್ಟಾದ ಹಾಗೆ. ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದರೆ ಟೆಸ್ಟರನ್ನ ಎಜಿಎಂಗೆ ಇಡೋಕೆ ಹೇಳಿ. ಮಾಮೂಲಿಗೆ ಇಟ್ಟು ನೋಡಿದರೆ ಫಲಿತಾಂಶ ನಂಬೋ ಹಾಗಿರಲ್ಲ.

ನಾನು ಜಗಳವಾಡಿದ್ದು ತಾರೀಖಿಗೆ. ಅಂಗಡಿಯವರ ಹತ್ತಿರ ಒಂದು ಎಜಿಎಂ ಇತ್ತು, ತಕ್ಷಣ ಹಾಕ್ಕೊಡ್ತೀನಿ ಅಂದರು. ಲೇಬಲ್ಲಿನ ಕೋಡ್ ಬಿಡಿಸಿದರೆ ಹನ್ನೊಂದು ತಿಂಗಳ ಹಿಂದಿನದು. ಮೀಟರಿನಲ್ಲಿ 12.45. ಹೊಸ ಎಜಿಎಂ ತುಂಬಿದ್ದರೆ 12.8 ಇರಬೇಕು. ಬ್ಯಾಟರಿ ಅನ್ನೋದು ಅಕ್ಕಿ ಮೂಟೆ ಅಲ್ಲ, ಹಾಲಿನ ಪಾಕೀಟು. ಕಪಾಟಿನಲ್ಲಿ ಸುಮ್ಮನೆ ಕೂತರೂ ಇಳೀತಾ ಇರುತ್ತೆ, ಬಿಸಿ ಗೋದಾಮಿನಲ್ಲಿ ಇನ್ನೂ ಬೇಗ. ಇಳಿದಿದ್ದನ್ನ ಹಾಗೇ ಬಿಟ್ಟರೆ ಸಲ್ಫೇಟ್ ಶುರು. "ಚಾರ್ಜ್ ಮಾಡಿ ಕೊಡ್ತೀನಿ ಸಾರ್, ವಾರಂಟಿ ಇವತ್ತಿಂದಲೇ ಅಲ್ವಾ" ಅಂದರು. "ಅಣ್ಣಾ, ವಾರಂಟಿ ಇವತ್ತಿಂದ ಸರಿ, ಅದರ ಆಯಸ್ಸು ಹನ್ನೊಂದು ತಿಂಗಳ ಹಿಂದೆಯೇ ಶುರುವಾಗಿದೆಯಲ್ಲ" ಅಂದೆ. ಸ್ವಲ್ಪ ಮುಖ ಗಂಟು ಹಾಕ್ಕೊಂಡರು. ಆದರೂ ಬೆಂಗಳೂರಿಗೆ ಫೋನ್ ಮಾಡಿ ತರಿಸಿದರು. ಮೂರನೇ ದಿನ ಬಂದದ್ದು ಎರಡು ತಿಂಗಳ ಹಿಂದಿನದು, 12.84. ಮೂರು ತಿಂಗಳೊಳಗಿನದು ಸಿಕ್ಕರೆ ಒಳ್ಳೇದು, ಆರು ದಾಟಿದ್ದರೆ ನಾನಂತೂ ಮುಟ್ಟಲ್ಲ.

ಇನ್ನು ವಾರಂಟಿ. ನನ್ನ ವೃತ್ತಿಯೇ ಲೆಕ್ಕ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ತೀನಿ. ಬ್ಯಾಟರಿಗಳ ಮೇಲೆ '48 ತಿಂಗಳು', '60 ತಿಂಗಳು' ಅಂತ ದಪ್ಪಕ್ಷರದಲ್ಲಿ ಇರುತ್ತೆ. ಕಾರ್ಡ್ ತಿರುಗಿಸಿ ಓದಿದರೆ ಅದು ಎರಡು ಭಾಗ: ಮೊದಲರ್ಧ ಉಚಿತ ಬದಲಾವಣೆ, ಉಳಿದದ್ದು 'ಪ್ರೋ ರೇಟಾ', ಅಂದರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಪರ್ಸೆಂಟ್ ಕಡಿತ. ಆದರೆ ಸಾಮಾನ್ಯವಾಗಿ ಆ ಕಡಿತ ಎಂಆರ್‌ಪಿ ಮೇಲೆ. ಅಂಗಡಿಯಲ್ಲಿ ಯಾರೂ ಎಂಆರ್‌ಪಿಗೆ ಮಾರಲ್ಲ. ಉದಾಹರಣೆಗೆ ಎಂಆರ್‌ಪಿ 24,000, ಅಂಗಡಿ ಬೆಲೆ 19,000 ಅಂತಿಟ್ಕೊಳ್ಳಿ. 30 ಪರ್ಸೆಂಟ್ ಕಡಿತ ಸಿಕ್ಕರೆ ನೀವು ಕೊಡಬೇಕಾದ್ದು 16,800, ಹಳೇ ಬ್ಯಾಟರಿ ಅವರಿಗೇ. ವಾರಂಟಿಯೇ ಬೇಡ ಅಂತ ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಂಡರೆ, ಗುಜರಿ ಬೆಲೆ 2,000 ಕಳೆದು 17,000. ಎರಡಕ್ಕೂ ವ್ಯತ್ಯಾಸ ಇನ್ನೂರು ರೂಪಾಯಿ! ಅದಕ್ಕೇ ನಾನು ಹೋಲಿಸಿದ್ದು ಉಚಿತ ಬದಲಾವಣೆಯ ತಿಂಗಳುಗಳನ್ನ ಮಾತ್ರ. ಒಂದರಲ್ಲಿ 24, ಇನ್ನೊಂದರಲ್ಲಿ 30. ಎರಡೂ ಹೆಸರಾಂತ ಕಂಪನಿಗಳೇ, 30ರದ್ದು ತಗೊಂಡೆ.

ಒಂದು ಸಮಾಧಾನ, ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿತ್ತು. ತೆರಿಗೆ ಬಿಟ್ಟು 16,000 ಇರೋ ಬ್ಯಾಟರಿಗೆ ಮುಂಚೆ 20,480 ಆಗ್ತಿತ್ತು, ಈಗ 18,880. ಬಿಲ್ ಕೈಗೆ ಬಂದಾಗ ಆ ಸಾಲನ್ನ ಎರಡು ಸಲ ಓದಿದೆ.

*

ಕೂರಿಸೋದು ಮಾಮೂಲಿ ಕಾರಿನಷ್ಟು ಸುಲಭ ಅಲ್ಲ. ಮೈನಸ್ ಮೊದಲು ಬಿಚ್ಚಿ ಕೊನೆಗೆ ಹಾಕೋದು ಎಲ್ಲರಿಗೂ ಗೊತ್ತು. ಡಿಕ್ಕಿಯ ಬ್ಯಾಟರಿಗೆ ಆ ಗಾಳಿ ಕೊಳವೆಯನ್ನ ಹಳೇದರಿಂದ ತೆಗೆದು ಹೊಸದಕ್ಕೆ ಸಿಕ್ಕಿಸಬೇಕು. ಅಂಗಡಿಯ ಹುಡುಗ ಅದನ್ನ ಪಕ್ಕಕ್ಕೆ ಎತ್ತಿಟ್ಟು ಬೋಲ್ಟ್ ಬಿಗಿಯೋಕೆ ಹೊರಟಿದ್ದ. "ತಮ್ಮಾ, ಆ ಪೈಪು" ಅಂದೆ. "ಅದ್ಯಾಕ್ ಬುಡಿ ಸಾ" ಅಂದ. ಯಾಕೆ ಅಂತ ಹೇಳಿದ ಮೇಲೆ ಚೆನ್ನಾಗಿ ಕೂರಿಸಿದ. ಇನ್ನೊಂದು, ಹೊಸ ಬ್ಯಾಟರಿ ಬಂದಿದೆ ಅಂತ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಮೂಲಕ ಹೇಳಬೇಕು. ಎಲ್ಲ ಕಾರಿಗೂ ಇದು ಬೇಕಿಲ್ಲ, ನಮ್ಮಂಥದ್ದಕ್ಕೆ ಬೇಕು. ಹೇಳದಿದ್ದರೆ ಅದು ಎಂಟು ವರ್ಷದ ಮುದುಕನಿಗೆ ಕೊಡ್ತಿದ್ದ ಪಥ್ಯವನ್ನೇ ಹೊಸ ಹುಡುಗನಿಗೂ ಕೊಡ್ತಾ ಇರುತ್ತೆ. ಗುಬ್ಬಿ ಗೇಟ್ ಕಡೆಯ ಒಬ್ಬ ಮೆಕ್ಯಾನಿಕ್ ಎಂಟುನೂರು ರೂಪಾಯಿಗೆ ಐದೇ ನಿಮಿಷದಲ್ಲಿ ಮಾಡಿಕೊಟ್ಟರು.

ಬ್ಯಾಟರಿ ಹೊಸದಾದರೂ ನಮ್ಮ ಓಡಾಟ ಹಳೇದೇ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಹತ್ತು ಹದಿನೈದು ನಿಮಿಷ. ಸೆಲ್ಫ್ ಹೊಡೆಯೋದಕ್ಕೆ ಖರ್ಚಾಗೋದು ನಿಜಕ್ಕೂ ತೀರಾ ಸ್ವಲ್ಪ. ಲಾಕ್ ಮಾಡಿ ನಿಲ್ಲಿಸಿದ ಮೇಲೂ ಒಳಗಿನ ಗಡಿಯಾರ, ಅಲಾರಂ ಎಲ್ಲ ಸೇರಿ ದಿನಕ್ಕೆ ಒಂದು ಎ.ಎಚ್.ನಷ್ಟು ಕುಡಿಯುತ್ವೆ. ಇಳಿದ ಬ್ಯಾಟರಿಯ ಕೊನೆಯ ಇಪ್ಪತ್ತು ಪರ್ಸೆಂಟ್ ತುಂಬೋಕೆ ಗಂಟೆಗಟ್ಟಲೆ ಬೇಕು, ಎಷ್ಟೇ ರೇಸ್ ಕೊಟ್ಟರೂ ಬೇಗ ಆಗಲ್ಲ. ಅದಕ್ಕೆ ಎರಡು ಏರ್ಪಾಡು ಮಾಡ್ಕೊಂಡಿದ್ದೀನಿ. ಭಾನುವಾರ ಗುಬ್ಬಿಗೋ ಕುಣಿಗಲ್ಲಿಗೋ ಒಂದು ಸುತ್ತು. ಅಪ್ಪ ಹಿಂದೆ ಕೂತು ಯಾರ ತೋಟದಲ್ಲಿ ಅಡಿಕೆ ಎಷ್ಟು ಬಂದಿದೆ ಅಂತ ನೋಡ್ತಾ ಬರ್ತಾರೆ. ಇನ್ನೊಂದು, ತಿಂಗಳಿಗೊಂದು ರಾತ್ರಿ ಎಜಿಎಂ ಮೋಡ್ ಇರೋ ಚಾರ್ಜರ್. ಮನೆಯ ಇನ್ವರ್ಟರಿನ ಚಾರ್ಜರಿಗೆ ಮಾತ್ರ ಯಾರೂ ಜೋಡಿಸಬೇಡಿ. ಟ್ಯೂಬುಲರ್ ಬ್ಯಾಟರಿಗೆ ಅಂತ ಕೆಲವು 15ರ ಮೇಲಕ್ಕೂ ವೋಲ್ಟ್ ಏರಿಸ್ತವೆ, ಎಜಿಎಂನ ಕವಾಟ ತೆರೆದು ಇದ್ದ ನೀರೂ ಆವಿಯಾಗುತ್ತೆ.

*

ಹಳೇ ಬ್ಯಾಟರಿಯ ವಿಷಯ ಹೇಳದೆ ಮುಗಿಸೋಕೆ ಮನಸ್ಸಿಲ್ಲ. ಅಂಗಡಿಯಿಂದ ಹೊಸದು ಬರೋಕೆ ಮುಂಚೆ ನಮ್ಮ ಬೀದಿಗೆ ಬರೋ ಗುಜರಿಯವರು ಹಳೇದನ್ನ ನೋಡಿ, "ಅಂಗ್ಡಿಯೋರು ಎಷ್ಟ್ ಕೊಡ್ತಾರೆ? ನಾನು ಅದಕ್ಕಿಂತ ಮುನ್ನೂರು ಜಾಸ್ತಿ ಕೊಡ್ತೀನಿ" ಅಂದರು. ಇಪ್ಪತ್ತೆರಡು ಕೇಜಿಯ ಸಾಮಾನು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅವರು ಹೆಚ್ಚು ಕೊಡೋದು ಹೇಗೆ? ಎಲ್ಲೋ ಒಂದು ಶೆಡ್ಡಿನಲ್ಲಿ ಕೊಡಲಿಯಿಂದ ಒಡೆದು, ಆಸಿಡ್ಡನ್ನ ಚರಂಡಿಗೆ ಚೆಲ್ಲಿ, ಬಯಲಲ್ಲಿ ಸೀಸ ಕರಗಿಸೋರಿಗೆ ಹೊಗೆಕೊಳವೆಯ ಖರ್ಚಿಲ್ಲ, ತೆರಿಗೆ ಇಲ್ಲ. ಗುಜರಿಯವರನ್ನ ಬೈಯೋಕೆ ನಾನ್ಯಾರು, ಅವರ ಹೊಟ್ಟೆಪಾಡು ಅದು. ಆದರೆ ಆ ಹೊಗೆ ಕುಡಿಯೋದೂ ಅವರಂಥವರ ಮಕ್ಕಳೇ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನದೇ ಒಂದು ಹೆಸರಿದೆ, ಡಾ. ತುಪ್ಪಿಲ್ ವೆಂಕಟೇಶ್. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಸೀಸದ ವಿಷದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ನೇ ಇಸವಿಯಲ್ಲೇ ನಿಂತಿತು, ಆದರೆ ಬ್ಯಾಟರಿಯ ಸೀಸ ನಿಂತಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಕೊಟ್ಟ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿದೆ. ಹಳೇ ಬ್ಯಾಟರಿಗಳನ್ನ ಹೀಗೆ ಕದ್ದುಮುಚ್ಚಿ ಕರಗಿಸೋದು ಅದಕ್ಕೆ ದೊಡ್ಡ ಕಾರಣ. ಸೀಸ ಕೆಡಿಸೋದು ಮಕ್ಕಳ ಮೆದುಳನ್ನ ಮಾತ್ರ ಅಲ್ಲ, ದೊಡ್ಡವರ ಮೂತ್ರಪಿಂಡವನ್ನೂ. ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಓದಿದ್ದಕ್ಕೋ ಏನೋ, ಆ ಸಾಲು ನನಗೆ ಬೇರೆ ಥರ ಕಾಣಿಸಿತು.

ಕಾನೂನು ಇದೆ. 2001ರಿಂದಲೇ ಇತ್ತು, 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇದನ್ನ ವಾಪಸ್ ತಗೊಂಡು ಸರಿಯಾಗಿ ಮರುಬಳಕೆ ಮಾಡಿಸೋ ಹೊಣೆಯನ್ನ ತಯಾರಕರ ಮೇಲೇ ಹಾಕಿವೆ. ನಮ್ಮ ಪಾಲಿಗೆ ಬರೋ ಕೆಲಸ ಇಷ್ಟೇ, ಹಳೇದನ್ನ ಹೊಸದರ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಅದನ್ನ ಕಳೆದಿದ್ದಾರಾ ನೋಡೋದು. ನಮ್ಮ ಬಿಲ್ಲಿನಲ್ಲಿ 1,900 ಕಳೆದಿದ್ದರು. ಮುನ್ನೂರು ಬಿಟ್ಟಿದ್ದಕ್ಕೆ ನನ್ನವಳು ಏನೂ ಅನ್ನಲಿಲ್ಲ. ಅಪ್ಪ ಮಾತ್ರ "ಮುನ್ನೂರಕ್ಕೆ ಎಷ್ಟ್ ತಟ್ಟೆ ಇಡ್ಲಿ ಬರ್ತಿತ್ತು ಗೊತ್ತಾ?" ಅಂದರು. ಅವರಿಗೆ ಡಾಕ್ಟರು ಹೊರಗಿನ ತಿಂಡಿ, ಉಪ್ಪಿನ ಚಟ್ನಿ ಎಲ್ಲ ಬಿಡಿಸಿದ್ದಾರೆ, ಆದರೂ ಲೆಕ್ಕ ಇಡ್ಲಿಯಲ್ಲೇ.

ನಿಮ್ಮಲ್ಲಿ ಯಾರದಾದರೂ ಕಾರಿನಲ್ಲಿ ಎಜಿಎಂ ಇದ್ದು, ಬಾನೆಟ್ ಕೆಳಗಿನ ಬಿಸಿಯಲ್ಲೂ ಐದು ವರ್ಷ ದಾಟಿದ್ದರೆ ತಿಳಿಸಿ. ಡಿಕ್ಕಿಯ ನೆರಳಿನಲ್ಲಿ ಎಂಟು ವರ್ಷ ಬಾಳಿದ್ದು ನಾನು ನೋಡಿದ್ದೀನಿ, ಬಯಲುಸೀಮೆಯ ಬಿಸಿಲಿನಲ್ಲಿ ಎಂಜಿನ್ ಪಕ್ಕ ಕೂತದ್ದು ಎಷ್ಟು ಬರುತ್ತೆ ಅಂತ ಏಜೆಂಟರು ಇನ್ನೂ ಕೇಳ್ತಾ ಇದ್ದಾರೆ. ಅವರು ಹೊಸ ಕಾರು ನೋಡ್ತಿದ್ದಾರಂತೆ.